ನಲವತ್ತು ಡಾಲರಿನ ಚಿಂದಿ

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಮನೆಯ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಹೊಸ ಹತ್ತಿ ಬಟ್ಟೆಯನ್ನು ಎರಡೂವರೆ ಇಂಚು ಅಗಲಕ್ಕೆ ಕತ್ತರಿಸಿ, ಸುಮಾರು 40 ಪಟ್ಟಿಗಳನ್ನು ಸುರುಳಿ ಸುತ್ತಿ ಮಾರುತ್ತಾರೆ. ತುಂಡು ಬಟ್ಟೆ ಜೋಡಿಸಿ ಕೌದಿಯಂಥದನ್ನು ಹೊಲಿಯುವವರಿಗೆಂದೇ ಮಾಡಿದ್ದು, ಅದಕ್ಕೆ ಜೆಲ್ಲಿ ರೋಲ್ ಎಂದು ಹೆಸರು. ಬೆಲೆ 40 ಡಾಲರಿನ ಆಸುಪಾಸು. ಮೊದಲ ಸಲ ನೋಡಿದಾಗ ನಗು ತಡೆಯಲಾಗಲಿಲ್ಲ. ನಾನು ಹುಡುಗನಾಗಿದ್ದಾಗ ದಾವಣಗೆರೆಯ ಚಾಮರಾಜಪೇಟೆಯ ದರ್ಜಿ ಅಂಗಡಿಯ ಮೂಲೆಯಲ್ಲಿ ಇಂಥವೇ ಪಟ್ಟಿಗಳು ಗೋಣಿಚೀಲದ ತುಂಬ ಬಿದ್ದಿರುತ್ತಿದ್ದವು. ಕೇಳಿದರೆ, ‘ಒಯ್ಯಪ್ಪ, ಜಾಗ ಖಾಲಿಯಾಗಲಿ’ ಎನ್ನುತ್ತಿದ್ದರು.

ಹೀಗೆ ನಗುತ್ತಲೇ ಎರಡು ಚಳಿಗಾಲ ಕಳೆದೆ. ಮೂರನೆಯದರಲ್ಲಿ ಪಕ್ಕದ ಮನೆಯ ಅಜ್ಜಿ ನನ್ನನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿಯೇಬಿಟ್ಟರು. ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಹೊಲಿಯುವುದು ಮೊದಲ ಪಾಠ. ಎಂಟು ಇಂಚಿನ ಚೌಕ ಬಟ್ಟೆ, ಅದರ ಮೇಲೆ ಹತ್ತಿಯ ಹಾಸು. ಒಂದು ಪಟ್ಟಿ ಅಂಗಾತ, ಅದರ ಮೇಲೆ ಇನ್ನೊಂದು ಬೋರಲು. ಅಂಚಿನಿಂದ ಕಾಲು ಇಂಚು ಬಿಟ್ಟು ಒಂದು ಹೊಲಿಗೆ ಹಾಕಿ, ಮೇಲಿನದನ್ನು ಮಗುಚಿ, ಉಗುರಿನಿಂದ ಗೀರಿ ಕೂರಿಸಬೇಕು. ಆಮೇಲೆ ಮುಂದಿನ ಪಟ್ಟಿ. ಪಟ್ಟಿಗಳು ಒಂದಕ್ಕೊಂದು ಸೇರುವುದೂ ಪದರಗಳು ಬಿಗಿಯುವುದೂ ಅದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಹಳೆಯ ಸೀರೆ ಹಾಸಿ, ಹರಿದ ಪಂಚೆ, ಲಂಗ ಎಂದು ಸಿಕ್ಕಿದ್ದನ್ನೆಲ್ಲ ಹರವಿ, ತಿಂಗಳುಗಟ್ಟಲೆ ಸಾಲು ಹೊಲಿಗೆ ಹಾಕುತ್ತಿದ್ದ ಅವ್ವನ ಕೌದಿಯಲ್ಲಿ ಅಳತೆಪಟ್ಟಿಗೆ ಕೆಲಸವೇ ಇರಲಿಲ್ಲ. ಕಾಲು ಇಂಚಿನ ಶಿಸ್ತು ನನಗೆ ಹಿಡಿಸಿತು ಎಂದು ಹೇಳಲು ಈಗ ನಾಚಿಕೆಯಿಲ್ಲ.

ಊರಿಗೆ ಬಂದಾಗ ಇದನ್ನೇ ಬಿಟ್ಟಿ ಚಿಂದಿಯಲ್ಲಿ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ದರ್ಜಿ ಕೊಟ್ಟ ಪಟ್ಟಿಗಳು ಹೊಳೆಯುತ್ತಿದ್ದವು. ಆಗಲೇ ಅನುಮಾನ ಬರಬೇಕಿತ್ತು. ರೊಟ್ಟಿ ಹಂಚಿನ ಅಂಚು ಹಿಡಿದದ್ದೇ ತಡ, ಪ್ಲಾಸ್ಟಿಕ್ ಸುಟ್ಟ ವಾಸನೆ. ನೇರಳೆ ಬಣ್ಣದ ಪಟ್ಟಿಯೊಂದು ಕರಗಿ, ಕಬ್ಬಿಣಕ್ಕೆ ಗೋಂದಿನಂತೆ ಅಂಟಿಕೊಂಡು, ಎಳೆದರೆ ನೂಲುನೂಲಾಗಿ ಬಂತು. ಹತ್ತಿ ಸುಟ್ಟರೆ ಕರಿಯಾಗುತ್ತದೆ, ಅಷ್ಟೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಚರ್ಮಕ್ಕೂ ಅಂಟುತ್ತದೆ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದಿದ್ದರೆ ಸಾಕಿತ್ತು: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ, ಪಾಲಿಯೆಸ್ಟರ್ ಆದರೆ ಮುದುಡಿ ಗಟ್ಟಿ ಮಣಿಯಾಗುತ್ತದೆ. ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಅಪ್ಪಟ ಹತ್ತಿಯ ಚಿಂದಿಗಾಗಿ ಟ್ರಂಕು ತಡಕಬೇಕಾಯಿತು. ಕೊನೆಗೆ ಸಿಕ್ಕಿದ್ದು ಅಪ್ಪನ ಎರಡು ಹಳೆಯ ಪಂಚೆ. 40 ಡಾಲರಿನ ಬಗ್ಗೆ ನಕ್ಕಿದ್ದರಲ್ಲಿ ಅರ್ಧವನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ.

ಒಳಗೆ ಹಾಕುವ ಹಾಸಿನ ವಿಷಯದಲ್ಲಿ ಮಾತ್ರ ನಾನು ಊರಿನ ಕಡೆಗೇ. ಅಮೆರಿಕದಲ್ಲಿ ಶಾಖ ತಡೆಯಲೆಂದೇ ಲೋಹ ಲೇಪಿಸಿದ ಮಿಂಚುವ ಹಾಳೆ ಸೇರಿಸಿದ ಹಾಸು ಸಿಗುತ್ತದೆ. ಅದನ್ನು ಮೈಕ್ರೋವೇವ್ ಒಳಗೆ ಇಡುವ ಹಾಗಿಲ್ಲ. ನಾನು ಚಳ್ಳಕೆರೆ ಕಡೆಯ ಹಳೆಯ ಕರಿಕಂಬಳಿಯ ತುಂಡು ಹಾಕಿದೆ. ಕುರಿ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಗುವುದೂ ಇಲ್ಲ. ಬಿಸಿನೀರಿನಲ್ಲಿ ಒಗೆದರೆ ಮುದುಡುತ್ತದೆ ಎಂಬುದೊಂದೇ ತಕರಾರು.

ಅವ್ವ ಹಿಡಿಬಟ್ಟೆಯನ್ನು ಕೈಗೆ ತೆಗೆದುಕೊಂಡವಳೇ ತಿರುಗಿಸಿ ಹಿಂಬದಿ ನೋಡಿದಳು. ಗಂಟು ಎಲ್ಲಿದೆ ಎಂದು ಹುಡುಕಿ, ಸಿಕ್ಕಿದ್ದನ್ನು ಬೆರಳಿನಿಂದ ಒಳಗೆ ತಳ್ಳಿದಳು. ಆಮೇಲೆ ಒಲೆಯ ಮೇಲಿನ ಅನ್ನದ ತಪ್ಪಲೆ ಇಳಿಸಲು ಹೋದಳು. ಆಗಲಿಲ್ಲ. ಅಮೆರಿಕದ ಪಾತ್ರೆಗಳಿಗೆ ಹಿಡಿಕೆಯಿರುತ್ತದೆ, ಒಂದು ಕೈಗೆ ಒಂದು ದಪ್ಪ ಚೌಕ ಸಾಕು. ನಮ್ಮ ತಪ್ಪಲೆಗೆ ಇರುವುದು ಕಂಠ ಮಾತ್ರ. ಅದನ್ನು ಎರಡೂ ಕೈಯಲ್ಲಿ ಕಚ್ಚಿ ಹಿಡಿಯಬೇಕು. ಎಂಟು ಇಂಚಿನ ಕಂಬಳಿ ಚೌಕ ಅಲ್ಲಿ ಮಡಚುವುದೇ ಇಲ್ಲ. ಅವ್ವ ಅದನ್ನು ಬದಿಗಿಟ್ಟು, ಎಂದಿನಂತೆ ಸೆರಗಿನಲ್ಲೇ ಇಳಿಸಿದಳು. ಸೆರಗು ಒದ್ದೆಯಿತ್ತು. ಒದ್ದೆ ಬಟ್ಟೆಯಲ್ಲಿ ಶಾಖ ಬೇಗ ದಾಟುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಕೈ ಒದರುತ್ತಾ, ‘ಸಣ್ಣವು ಎರಡು ಮಾಡು, ನಡುವೆ ಒಂದು ಪಟ್ಟಿ ಇರಲಿ, ಕೊರಳಿಗೆ ಹಾಕಿಕೊಳ್ಳುತ್ತೇನೆ’ ಎಂದಳು.

ಐದು ಇಂಚಿನ ಎರಡು ಚೌಕ, ಒಂದೊಂದೇ ಪದರ ಕಂಬಳಿ, ನಡುವೆ ಒಂದೂವರೆ ಮೊಳದ ಪಂಚೆಯಂಚು. ಪೆನ್ಸಿಲ್ವೇನಿಯಾದ ಅಜ್ಜಿ ಫೋಟೊ ನೋಡಿ, ಅಳತೆ ಕಳುಹಿಸು ಎಂದಿದ್ದಾರೆ.