ಚಿಂಚೋಳಿ ಅಡವಿಗೂ ಒಂದು ಪಂಚಾಂಗ ಬೇಕು

ತಮಿಳುನಾಡಿನಲ್ಲಿ ರಾಮೇಶ್ವರವಿರುವ ಪಾಂಬನ್ ದ್ವೀಪದ ಚಿನ್ನಪಾಲಂ ಊರಿನ ಹೆಂಗಸರು ಕಡಲಿಗಿಳಿಯುವ ಮೊದಲು ಬೆರಳಿಗೆಲ್ಲ ಬಟ್ಟೆಯ ಚಿಂದಿ ಸುತ್ತಿಕೊಳ್ಳುತ್ತಾರೆ. ಕಣ್ಣಿಗೆ ನೀರಿನ ಕನ್ನಡಕ, ಸೊಂಟಕ್ಕೆ ಬಲೆಯ ಚೀಲ. ಉಸಿರು ಬಿಗಿಹಿಡಿದು ಮುಳುಗಿ, ಹವಳದ ಕಲ್ಲಿಗೆ ಅಂಟಿದ ‘ಮರಿಕೊಳುಂದು’ ಎಂಬ ಕಡಲಪಾಚಿಯನ್ನು ಕಿತ್ತು ತರುತ್ತಾರೆ. ಅದು ಜೆಲ್ಲಿಯಂತೆ ಗಟ್ಟಿಯಾಗುವ ಅಗರ್ ಎಂಬ ಪದಾರ್ಥದ ತಯಾರಿಕೆಗೆ ಹೋಗುತ್ತದೆ. ಹಿಂದೆ ಕಬ್ಬಿಣದ ಸಲಕರಣೆಯಿಂದ ಕೆರೆಯುತ್ತಿದ್ದರು. ಕೆರೆದರೆ ಪಾಚಿಯ ಬುಡವೂ ಬರುತ್ತದೆ, ಜೊತೆಗೆ ಹವಳದ ಚೂರೂ ಬರುತ್ತದೆ. ಬುಡ ಹೋದ ಕಡೆ ಮತ್ತೆ ಚಿಗುರುವುದಿಲ್ಲ. ಕೈಯಿಂದ ಚಿವುಟಿದರೆ ಬುಡ ಕಲ್ಲಲ್ಲೇ ಉಳಿಯುತ್ತದೆ. ಹಾಗಾಗಿ ಕಬ್ಬಿಣ ಬಿಟ್ಟರು.

ಆಮೇಲೆ ದಿನದ ಕಟ್ಟುಪಾಡು ಬಂತು. ತಿಂಗಳಿಗೆ 12 ದಿನ ಮಾತ್ರ ಪಾಚಿ ಕೀಳುವುದು, ಏಪ್ರಿಲ್ ನಡುವಿನಿಂದ ಮೀನು ಮರಿ ಮಾಡುವ ಕಾಲಕ್ಕೆ 45 ದಿನ ಕಡಲಿಗೇ ಇಳಿಯದಿರುವುದು. ಹೆಂಗಸರೇ ಕೂತು ಮಾತಾಡಿ ಒಪ್ಪಿಕೊಂಡ ನಿಯಮಗಳಿವು. ಅವರ ಮುಖಂಡೆಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ಲೆಕ್ಕ: ಯಾವ ದಿನ, ಯಾವ ಸಲಕರಣೆ, ಎಷ್ಟು ಉಳಿಸಬೇಕು. ತಮಿಳುನಾಡಿನಲ್ಲಿ ನೆಲೆಸಿರುವ ಕಲಬುರಗಿಯವನಾಗಿ ನಮ್ಮ ಜಿಲ್ಲೆಯವರ ಮುಂದೆ ನಾನು ಇಡುವ ಮಾತು ಒಂದೇ. ಚಿಂಚೋಳಿ ವನ್ಯಜೀವಿಧಾಮಕ್ಕೆ ಇಂಥ ಲೆಕ್ಕ ಬೇಕು. ಅದನ್ನು ಮಾಡಿಕೊಳ್ಳಲು ಕಾನೂನಿನಲ್ಲಿ ಜಾಗವೂ ಇದೆ.

ಮನ್ನಾರ್ ಕೊಲ್ಲಿಯ ಕಡಲ ರಾಷ್ಟ್ರೀಯ ಉದ್ಯಾನ 1986ರದ್ದು. ರಾಮೇಶ್ವರದಿಂದ ತೂತ್ತುಕುಡಿ ತನಕ ದಂಡೆಗುಂಟ ಹರಡಿರುವ 21 ದ್ವೀಪಗಳು, ಅವುಗಳ ಸುತ್ತಲಿನ ನೀರು, ಒಟ್ಟು 560 ಚದರ ಕಿಲೋಮೀಟರ್. ಆ 21ರಲ್ಲಿ ವಿಳಂಗುಚಲ್ಲಿ ಮತ್ತು ಪೂವರಸನ್‌ಪಟ್ಟಿ ಎರಡೂ ನೀರಿನಡಿ ಹೋಗಿವೆ. ಸುಣ್ಣಕ್ಕೆಂದು ವರ್ಷಗಟ್ಟಲೆ ಹವಳದ ಕಲ್ಲು ಕಿತ್ತದ್ದು ಇದಕ್ಕೆ ದೊಡ್ಡ ಕಾರಣ. ದ್ವೀಪದ ಮುಂದಿನ ಹವಳದ ದಿಬ್ಬ ಅಲೆಯ ಹೊಡೆತ ತಡೆಯುವ ಒಡ್ಡು. ಒಡ್ಡು ಹೋದ ಮೇಲೆ ಮರಳು ನಿಲ್ಲುವುದಿಲ್ಲ. ತೂತ್ತುಕುಡಿ ಹತ್ತಿರದ ವಾನ್ ದ್ವೀಪವೂ ಅದೇ ದಾರಿ ಹಿಡಿದಿತ್ತು. ಈಗ ಅದರ ಮುಂದೆ ತೂತಿರುವ ಕಾಂಕ್ರೀಟ್ ಅಚ್ಚುಗಳನ್ನು ಸಾಲಾಗಿ ಇಳಿಸಿ ಅಲೆಯನ್ನು ಒಡೆಯುವ ಕೆಲಸ ನಡೆದಿದೆ. ಹವಳವೇ ಪುಕ್ಕಟೆ ಮಾಡುತ್ತಿದ್ದ ಕೆಲಸ ಅದು.

ಪಕ್ಕದ ಪಾಕ್ ಕೊಲ್ಲಿಯಲ್ಲಿ ಇನ್ನೊಂದು ಏರ್ಪಾಡಿದೆ. ವಾರದಲ್ಲಿ 3 ದಿನ ದೊಡ್ಡ ಬಲೆ ಎಳೆದು ಸಾಗುವ ಯಂತ್ರದ ಟ್ರಾಲರ್ ದೋಣಿಗಳಿಗೆ, 4 ದಿನ ನಾಡದೋಣಿಗಳಿಗೆ. ಟ್ರಾಲರ್ ಹೊರಡುವ ದಿನ ಮೀನುಗಾರಿಕೆ ಇಲಾಖೆಯಿಂದ ಟೋಕನ್ ಪಡೆಯಬೇಕು. ದಂಡೆಗೆ ಹತ್ತಿರದ ನೀರಿನಲ್ಲಿ ಟ್ರಾಲರ್ ಬಲೆ ಎಳೆಯುವಂತಿಲ್ಲ ಎಂದು 1983ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಉಲ್ಲಂಘನೆ ಇಲ್ಲವೆಂದಲ್ಲ, ಇದೆ. ಆದರೆ ಇವತ್ತು ಯಾರ ಸರದಿ ಎಂಬುದು ದಂಡೆಯ ಮೇಲೆ ಎಲ್ಲರಿಗೂ ಗೊತ್ತಿರುವುದರಿಂದ ತಪ್ಪಿದವನು ಎದ್ದು ಕಾಣುತ್ತಾನೆ.

ರಾಜಕೀಯದ ಮಾತಿಗೆ ಬಂದರೆ ಆ ಕಡೆಯೂ ಸಲೀಸಿಲ್ಲ. 2005ರ ಜುಲೈ 2ರಂದು, ಭಾರತ–ಶ್ರೀಲಂಕಾ ನಡುವಿನ ಕಡಲನ್ನು ಹಡಗು ಸಾಗುವಷ್ಟು ಆಳ ಮಾಡುವ ಸೇತುಸಮುದ್ರಂ ಕಾಲುವೆ ಯೋಜನೆಗೆ ಚಾಲನೆ ಸಿಕ್ಕಾಗ, ಹೂಳೆತ್ತಿದರೆ ನೀರು ಕದಡಿ ಹವಳವೂ ಮೀನೂ ಸಾಯುತ್ತವೆ ಎಂದು ಮೊದಲು ಬೀದಿಗಿಳಿದವರಲ್ಲಿ ಮೀನುಗಾರರ ಸಂಘಗಳಿದ್ದವು. ಕದಡಿದ ಕೆಸರು ಹವಳದ ಮೇಲೆ ಕೂತರೆ ಅದಕ್ಕೆ ಬಿಸಿಲು ತಾಗುವುದಿಲ್ಲ, ಅದರೊಳಗಿನ ಸೂಕ್ಷ್ಮ ಪಾಚಿ ಆಹಾರ ಮಾಡಲಾರದು. 2007ರಲ್ಲಿ ರಾಮಸೇತು ಭಾಗದ ಕೆಲಸಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ 2023ರ ಜನವರಿಯಲ್ಲಿ ಯೋಜನೆ ಮುಂದುವರಿಸಬೇಕೆಂದು ತಮಿಳುನಾಡು ವಿಧಾನಸಭೆ ನಿರ್ಣಯ ಮಾಡಿತು. ಪಕ್ಷ ನೋಡಿ ಕಡಲನ್ನು ಅದರ ಕೈಗೆ ಬಿಟ್ಟು ಕೂರುವಂತಿಲ್ಲ ಎಂಬುದು ಅಲ್ಲಿನ ಸಂಘಗಳಿಗೆ ಗೊತ್ತಿದೆ.

ಈಗ ನಮ್ಮ ಅಡವಿ. ಚಿಂಚೋಳಿಯ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಒಣ ಎಲೆಯುದುರುವ ಕಾಡು. ತೋಳ, ಕತ್ತೆಕಿರುಬ, ನರಿ ಇರುವ ಕಾಡು. ಚಂದ್ರಂಪಳ್ಳಿ ಅಣೆಕಟ್ಟಿನ ನೀರು, ಒಳಗೂ ಅಂಚಿಗೂ ಲಂಬಾಣಿಗರ ತಾಂಡಾಗಳು. ಇದು ರಾಷ್ಟ್ರೀಯ ಉದ್ಯಾನ ಅಲ್ಲದಿರುವುದು ನಮಗೆ ಅನುಕೂಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉದ್ಯಾನದೊಳಗೆ ಮೇಯಿಸುವುದು ಪೂರ್ತಿ ನಿಷಿದ್ಧ. ವನ್ಯಜೀವಿಧಾಮದಲ್ಲಿ ಹಾಗಲ್ಲ. ಕಲಂ 33ರಡಿ ಮುಖ್ಯ ವನ್ಯಜೀವಿ ಪರಿಪಾಲಕರು ಮೇವನ್ನು ನಿಯಂತ್ರಿಸಬಹುದು, ಅಂದರೆ ಸರದಿ ಹಾಕಿ ಬಿಡಬಹುದು. ಕಲಂ 24ರಡಿ ಜಿಲ್ಲಾಧಿಕಾರಿಗಳು ಅವರೊಡನೆ ಸಮಾಲೋಚಿಸಿ ಹಳೆಯ ಹಕ್ಕು ಮುಂದುವರಿಸಬಹುದು. ಚಿನ್ನಪಾಲಂ ಹೆಂಗಸರ ಕಟ್ಟುಪಾಡಿಗೆ ಉದ್ಯಾನದ ಕಾನೂನಿನಲ್ಲಿ ಇಂಥ ಜಾಗವಿಲ್ಲ, ಅದಕ್ಕೇ ದ್ವೀಪದ ಹತ್ತಿರ ಸುಳಿದರೆ ಅವರಿಗೆ ದಂಡದ ಭಯ ತಪ್ಪಿಲ್ಲ. ನಮಗೆ ಇರುವ ಬಾಗಿಲನ್ನು ನಾವು ತೆರೆಯಬೇಕು.

ಸರದಿ ಹಾಕುವುದಾದರೆ ಆಡು, ದನಗಳ ವರ್ಷ ಹೇಗೆ ಸಾಗುತ್ತದೆಂದು ನೋಡಬೇಕು. ಪುಷ್ಯ, ಮಾಘದಲ್ಲಿ ತೊಗರಿ ರಾಶಿಯಾಗಿ ಹೊಟ್ಟು ಸಿಗುತ್ತದೆ. ಬಿಳಿಜೋಳ ಕೊಯ್ದ ಮೇಲೆ ಕಣಿಕೆ ಇರುತ್ತದೆ, ಖಾಲಿ ಹೊಲದಲ್ಲಿ ಕೂಳೆ ಮೇಯಬಹುದು. ಮಿರಗದ ಮಳೆ ಬಿದ್ದು ಬಿತ್ತನೆ ಶುರುವಾಯಿತೆಂದರೆ ಹೊಲವೆಲ್ಲ ಮುಚ್ಚಿತು. ಬಣವೆಯೂ ಕರಗಿರುತ್ತದೆ. ಆಗ ಅಡವಿ ಬಿಟ್ಟರೆ ಗತಿ ಇಲ್ಲ. ಅದೇ ಹೊತ್ತಿಗೆ ಅಡವಿಯೊಳಗೆ ಬೀಜ ಮೊಳೆತು ಎರಡೆಲೆ ಬಿಟ್ಟಿರುತ್ತದೆ. ಆಡು ಮೊದಲು ಬಾಯಿ ಹಾಕುವುದು ಆ ಎಳೆಯ ಚಿಗುರಿಗೆ. ಮಳೆಗಾಲದಲ್ಲಿ ಪೂರ್ತಿ ಬಂದ್ ಮಾಡಿದರೆ ಕುರಿಗಾಹಿ ಕದ್ದು ನುಗ್ಗುತ್ತಾನೆ, ಪೂರ್ತಿ ಬಿಟ್ಟರೆ ಹೊಸ ಗಿಡ ಒಂದೂ ಏಳುವುದಿಲ್ಲ. ಅಡವಿಯ ಅಂಚನ್ನು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಕಾರಹುಣ್ಣಿಮೆಯಿಂದ ದಸರೆಯ ತನಕ ಮುಚ್ಚುವುದು, ಅದನ್ನೇ ಎರಡು ಮೂರು ಮಳೆಗಾಲ ಬಿಡದೆ ಮುಚ್ಚಿಟ್ಟು, ಗಿಡ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಮುಂದಿನ ಪಾಲಿಗೆ ಹೋಗುವುದು ನನಗೆ ಸರಿ ಕಾಣುತ್ತದೆ. ಒಂದೇ ಮಳೆಗಾಲಕ್ಕೆ ಪಾಲು ಬದಲಿಸಿದರೆ ಮುಚ್ಚಿದ ಶ್ರಮವೆಲ್ಲ ನೀರಲ್ಲಿ ಹೋಮ. ದಿನಾಂಕ ಬೇಡ, ಹಬ್ಬ ಹೇಳಿ. ಕಾರಹುಣ್ಣಿಮೆ ಯಾವಾಗ ಎಂದು ಕುರಿಗಾಹಿಗೆ ಯಾರೂ ನೋಟಿಸ್ ಕೊಡಬೇಕಿಲ್ಲ.

ಬಳ್ಳಾರಿ ಜಾಲಿಯನ್ನೂ ಇದರಲ್ಲೇ ಸೇರಿಸಬೇಕು. ರಾಮನಾಥಪುರ ಜಿಲ್ಲೆಯ ತುಂಬ ಅದೇ, ಅಲ್ಲಿ ಸೀಮೈ ಕರುವೇಲಂ ಅನ್ನುತ್ತಾರೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದಾರು ಏಳುತ್ತವೆ. ಬುಡದಿಂದ ಒಂದಡಿ ಆಳ ಅಗೆದು ಬೇರು ಕತ್ತರಿಸಬೇಕು. ಅದರ ಕಾಯಿ ತಿಂದ ದನ ಸಗಣಿಯಲ್ಲಿ ಬೀಜ ಹೊತ್ತು ಅಡವಿಗೆ ತರುತ್ತದೆ. ಹಾಗಾಗಿ ಕಾಯಿ ಉದುರುವ ಬೇಸಿಗೆಯಲ್ಲಿ ಜಾಲಿ ಇರುವ ಗಾಂವಠಾಣದಲ್ಲಿ ಮೇಯ್ದ ದನವನ್ನು ನೇರ ಅಡವಿಗೆ ಬಿಡದೆ ಕೆಲವು ದಿನ ಕಟ್ಟಿಹಾಕಬೇಕು.

ಲಸಿಕೆಯ ವಿಷಯ ಕಾಯ್ದೆಯಲ್ಲೇ ಇದೆ. ಕಲಂ 33ಎ ಪ್ರಕಾರ ವನ್ಯಜೀವಿಧಾಮದ ಒಳಗೆ ಮತ್ತು ಗಡಿಯಿಂದ 5 ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವುದು ಮುಖ್ಯ ವನ್ಯಜೀವಿ ಪರಿಪಾಲಕರ ಹೊಣೆ. ಲಸಿಕೆ ಇಲ್ಲದ ದನವನ್ನು ಒಳಗೆ ಮೇಯಿಸುವಂತಿಲ್ಲ. ಮಂದೆಯ ಜೊತೆ ಹೋಗುವ ನಾಯಿಗಳನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹುಚ್ಚು ರೋಗ, ಡಿಸ್ಟೆಂಪರ್ ಎಂಬ ವೈರಸ್ ರೋಗ ಎರಡೂ ನಾಯಿಯಿಂದ ತೋಳಕ್ಕೆ ದಾಟುತ್ತವೆ. ತೋಳ ಆಡು ಹಿಡಿದಾಗ ಪರಿಹಾರ ತಡವಾದರೆ ಸಿಟ್ಟಿನಲ್ಲಿ ಹೆಣಕ್ಕೆ ವಿಷ ಹಾಕುವವರು ಇರುತ್ತಾರೆ. ಆಗ ಸಾಯುವುದು ತೋಳ ಒಂದೇ ಅಲ್ಲ, ಅದೇ ಹೆಣ ತಿಂದ ಕತ್ತೆಕಿರುಬ, ನಾಯಿ, ಹದ್ದು ಎಲ್ಲವೂ.

ಇದನ್ನೆಲ್ಲ ಯಾರು ಕೂತು ಮಾಡಬೇಕು? ಕಲಂ 33ಬಿ ಓದಿ. ಪ್ರತಿ ವನ್ಯಜೀವಿಧಾಮಕ್ಕೂ ಸಲಹಾ ಸಮಿತಿ ಇರಬೇಕು. ಅದರಲ್ಲಿ ಆ ಕ್ಷೇತ್ರದ ಶಾಸಕರು, ಪಂಚಾಯತಿಗಳ 3 ಪ್ರತಿನಿಧಿಗಳು, ಸ್ವಯಂಸೇವಾ ಸಂಸ್ಥೆಗಳ ಇಬ್ಬರು, ವನ್ಯಜೀವಿ ಬಲ್ಲ ಮೂವರು, ಪಶುವೈದ್ಯ ಇಲಾಖೆಯವರೊಬ್ಬರು ಇರಬೇಕು. ಮೇವಿನ ಸರದಿಗೂ ಲಸಿಕೆಗೂ ಇದಕ್ಕಿಂತ ಸರಿಯಾದ ಜಾಗ ಬೇರೊಂದಿಲ್ಲ. ಆ ಮೂರು ಪಂಚಾಯತಿ ಕುರ್ಚಿಗಳಲ್ಲಿ ಒಂದಾದರೂ ತಾಂಡಾದವರಿಗೆ ಸಿಗಬೇಕು. ತಾಂಡಾದ ನಾಯಕ, ಕಾರಭಾರಿ ಒಪ್ಪದ ಸರದಿ ಒಂದು ವಾರವೂ ನಿಲ್ಲುವುದಿಲ್ಲ. ವನ್ಯಜೀವಿಧಾಮವನ್ನೇ ರದ್ದು ಮಾಡಿಸುತ್ತೇವೆ ಎಂದು ಯಾರೇ ಭಾಷಣ ಮಾಡಲಿ, ಅದು ಬೆಂಗಳೂರಿನ ಒಂದು ಸಹಿಯಿಂದ ಆಗುವ ಕೆಲಸವಲ್ಲ. ಗಡಿ ಬದಲಿಸಲು ಕಲಂ 26ಎ ಪ್ರಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಅದರ ಮೇಲೆ, ಮುಂದಿನ ಆದೇಶದ ತನಕ ಯಾವ ವನ್ಯಜೀವಿಧಾಮವನ್ನೂ ರದ್ದು ಮಾಡುವಂತಿಲ್ಲ ಎಂಬ ಸುಪ್ರೀಂ ಕೋರ್ಟಿನ 2000ದ ನವೆಂಬರ್ 13ರ ಆದೇಶವಿದೆ. ರದ್ದಾಗುತ್ತದೆಂಬ ಭರವಸೆ ನಂಬಿ ಅರಣ್ಯ ಹಕ್ಕಿನ ಅರ್ಜಿ ಹಾಕದೆ ಕೂತರೆ ನಷ್ಟ ತಾಂಡಾಕ್ಕೇ.

ಹಕ್ಕಿನ ಅರ್ಜಿಯಲ್ಲಿ ನಮ್ಮವರಿಗೆ ದೊಡ್ಡ ಅನ್ಯಾಯವಾಗಿದೆ. ತೆಲಂಗಾಣದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ 75 ವರ್ಷ, ಅಂದರೆ 1930ರಿಂದ ಆ ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಗಡಿಯ ಆಚೆ ಈಚೆ ಅದೇ ಜನ, ಅದೇ ಭಾಷೆ, ಸಾಕ್ಷಿಯ ಹೊರೆ ಮಾತ್ರ ಬೇರೆ. 1930 ಎಂದರೆ ನಿಜಾಮರ ಕಾಲ, ಕಾಗದ ಹೆಚ್ಚಿನವು ಉರ್ದುವಿನಲ್ಲಿ. ಅದನ್ನು ಓದಬಲ್ಲವರು ಬೀದರ, ಕಲಬುರಗಿಯಲ್ಲಿ ಇನ್ನೂ ಇದ್ದಾರೆ, ಅವರನ್ನು ಗ್ರಾಮಸಭೆಗಳು ಕರೆಸಿಕೊಳ್ಳಬೇಕು. ಕಾಗದ ಸಿಗದಿದ್ದರೂ ನಿಯಮಗಳು ಬೇರೆ ಸಾಕ್ಷಿ ಒಪ್ಪುತ್ತವೆ: ಹಳೆಯ ಬಾವಿ, ಗೋರಿ, ದೇವರ ಕಟ್ಟೆ, ಅರ್ಜಿದಾರನಲ್ಲದ ಹಿರಿಯರ ಬರೆಸಿದ ಹೇಳಿಕೆ. ಒಂದು ಅರ್ಜಿಗೆ ಇಂಥ ಎರಡಾದರೂ ಬೇಕು. ಬಾವಿ, ಗೋರಿ ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಅಪ್ಪ, ಅಜ್ಜ ಆ ಅಡವಿಯಲ್ಲಿ ಬದುಕಿದ್ದನ್ನು ಕಣ್ಣಾರೆ ಕಂಡು ಹೇಳಬಲ್ಲ ಅಜ್ಜ, ಅಜ್ಜಿಯರಿಗೆ ಈಗ 80, 90 ದಾಟಿದೆ. ಅವರ ಹೇಳಿಕೆಗಳನ್ನು ಈ ಸಲದ ಎಳ್ಳಮಾವಾಸ್ಯೆಗೆ ಮುಂಚೆ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ.