ಕೈ ಬೀಸೋ ಕಾಲ ಹೋಯ್ತು, ಮಣಿಕಟ್ಟು ತಿರುಗಿಸೋ ಕಾಲ ಬಂತು

ಗೇಮಿಂಗಲ್ಲಿ ಮೋಷನ್ ಕಂಟ್ರೋಲ್, ಅಂದ್ರೆ ಬಟನ್ ಬದಲು ಕೈ ಮೈ ಆಡಿಸಿ ಆಡೋ ಕಥೆ ಮುಗೀತು ಅಂತ ಯಾರಾದ್ರೂ ಹೇಳಿದ್ರೆ, ಒಂದ್ಸಲ ಬಂದು ನಮ್ಮ ಅಕ್ಕನ ಮಗನ್ನ ನೋಡ್ಕೊಂಡು ಹೋಗಿ ಅಂತೀನಿ. ಫೋನಲ್ಲಿ ಬಿಜಿಎಂಐ ಅನ್ನೋ ಗನ್ ಗೇಮ್ ಆಡ್ತಾ ಕೂತ್ರೆ ಮೊಣಕೈ ಎರಡೂ ಪಕ್ಕೆಗೆ ಒತ್ಕೊಂಡಿರ್ತಾನೆ, ಫೋನನ್ನ ಒಂಚೂರು ಕೆಳಗೆ ಬಗ್ಗಿಸ್ತಾನೆ, ಒಂಚೂರು ಎಡಕ್ಕೆ ತಿರುಗಿಸ್ತಾನೆ, ದೂರದಿಂದ ನೋಡೋರಿಗೆ ಹುಡುಗನ ಕೈ ನಡುಗ್ತಿದೆಯೇನೋ ಅನ್ಸುತ್ತೆ. ಗನ್ ಹೊಡೀತಾ ಹೊಡೀತಾ ಮೇಲಕ್ಕೆ ಏಳುತ್ತಲ್ಲ, ರಿಕಾಯ್ಲ್, ಅದನ್ನ ಅವ್ನು ಬೆರಳಲ್ಲಿ ಎಳೆಯೋದಿಲ್ಲ, ಫೋನನ್ನೇ ಬಗ್ಗಿಸಿ ಹಿಡೀತಾನೆ. ಸೆಟ್ಟಿಂಗ್ಸಲ್ಲಿ ಗೈರೊ, ಅಂದ್ರೆ ಫೋನ್ ತಿರುಗೋದನ್ನ ಅಳೆಯೋ ಸೆನ್ಸರ್, 'ಆಲ್ವೇಸ್ ಆನ್'. "ಗೈರೊ ಇಲ್ದೆ ಆಡೋದೂ ಒಂದು ಆಟನಾ ಮಾಮ" ಅಂತಾನೆ. ಇದಕ್ಕೆ ಮೋಷನ್ ಕಂಟ್ರೋಲ್ ಅಂತಾರೆ ಅಂದ್ರೆ ಅವ್ನಿಗೆ ಗೊತ್ತೇ ಇಲ್ಲ.

ನನಗೆ ಆ ಹೆಸರು ಕೇಳಿದ್ರೆ ನೆನಪಾಗೋದು ನಿಂಟೆಂಡೊ ವೀ, ರಿಮೋಟ್ ಬೀಸಿ ಆಡೋ ಗೇಮ್ ಕನ್ಸೋಲು. ಅದು ಬಂದಿದ್ದು 2006ರಲ್ಲಿ, ನಮ್ಮನೆಗೆ ಬಂದಿದ್ದು 2009ರಲ್ಲಿ, ಭಾವ ಅಮೆರಿಕದಿಂದ ಸೂಟ್‌ಕೇಸಲ್ಲಿ ತಂದಿದ್ದು. ಅಲ್ಲಿನ ಕರೆಂಟಿಗೆ ಮಾಡಿರೋ ಅಡಾಪ್ಟರ್, ಇಲ್ಲಿ ಹಾಗೇ ಚುಚ್ಚಿದ್ರೆ ಸುಟ್ಟೋಗುತ್ತೆ ಅಂತ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡ್ವಿ, ಸಣ್ಣ ರುಬ್ಬೋ ಕಲ್ಲಿನಷ್ಟು ಭಾರ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬೌಲಿಂಗ್ ಆಡ್ತಿದ್ರು. ಗೇಮ್ ಕಂಟ್ರೋಲರ್ ಅನ್ನೋದನ್ನ ಅಮ್ಮ ಜೀವನದಲ್ಲಿ ಮುಟ್ಟಿದ್ದು ಆ ದಿನಗಳಲ್ಲಿ ಮಾತ್ರ. ಒಂದಿನ ಟಿವಿ ಹತ್ರ ಇಡೋ ಸೆನ್ಸರ್ ಬಾರ್ ವೈರನ್ನ ಇಲಿ ಕಡಿದು ಹಾಕ್ತು, ಭಾವ ಎರಡು ಕ್ಯಾಂಡಲ್ ಹಚ್ಚಿ ಅದೇ ಜಾಗದಲ್ಲಿ ಇಟ್ರು, ಸ್ಕ್ರೀನ್ ಮೇಲಿನ ಕೈ ಗುರುತು ಮತ್ತೆ ಓಡಾಡೋಕೆ ಶುರುವಾಯ್ತು! ಹೆಸರಿಗೆ ಸೆನ್ಸರ್ ಬಾರ್, ಅದರಲ್ಲಿ ಸೆನ್ಸರ್ರೇ ಇಲ್ಲ, ಎರಡೂ ತುದೀಲಿ ಇನ್‌ಫ್ರಾರೆಡ್ ದೀಪ ಅಷ್ಟೇ, ಅದನ್ನ ನೋಡೋ ಕ್ಯಾಮೆರಾ ಇರೋದು ನಮ್ಮ ಕೈಯಲ್ಲಿರೋ ರಿಮೋಟಲ್ಲಿ.

ಆದ್ರೆ ಒಂದು ವಾರ ಆಗಿರ್ಲಿಲ್ಲ, ನಮ್ಮಣ್ಣ ಸೋಫಾ ಮೇಲೆ ಒರಗಿಕೊಂಡೇ ಮಣಿಕಟ್ಟನ್ನ ಒಂದು ಜರ್ಕ್ ಕೊಟ್ಟು ಸ್ಟ್ರೈಕ್ ಮೇಲೆ ಸ್ಟ್ರೈಕ್ ಹೊಡೆಯೋಕೆ ಶುರು ಮಾಡ್ದ. ಅಮ್ಮ ನಿಂತು ತೋಳು ಬೀಸಿ ಸೋಲೋರು, ಇವ್ನು ಕಾಫಿ ಕುಡೀತಾ ಗೆಲ್ಲೋನು. ಮುಂದೇನಾಗುತ್ತೆ ಅಂತ ನಾವು ಅವತ್ತೇ ಅರ್ಥ ಮಾಡ್ಕೋಬೇಕಿತ್ತು.

ಕಂಪನಿಗಳು ಮಾತ್ರ ಉಲ್ಟಾ ಅರ್ಥ ಮಾಡ್ಕೊಂಡ್ವು. ಕೊನೆಗೆ ಹತ್ತು ಕೋಟಿಗೂ ಜಾಸ್ತಿ ಮಾರಾಟ ಆದ ವೀ ಓಟ ನೋಡಿ, ಜನಕ್ಕೆ ಇನ್ನೂ ಜಾಸ್ತಿ ಕುಣಿಯೋದು ಬೇಕು ಅಂದ್ಕೊಂಡ್ವು. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್ ಅನ್ನೋ ಕ್ಯಾಮೆರಾ ಬಂತು, ಕೈಯಲ್ಲಿ ಏನೂ ಬೇಡ, ನೀವೇ ಕಂಟ್ರೋಲರ್ ಅಂತ. ಮೊದಲ ಅರವತ್ತು ದಿನದಲ್ಲಿ 80 ಲಕ್ಷ ಹೋಯ್ತು, ಗಿನ್ನೆಸ್ ದಾಖಲೆ. ಆದ್ರೆ ಅದರ ಮುಂದೆ ಆರಡಿ ಖಾಲಿ ಜಾಗ ಬೇಕು, ಇಬ್ರಾದ್ರೆ ಎಂಟಡಿ. ನಮ್ಮ ಮನೆ ಹಾಲ್‌ಗಳಲ್ಲಿ ಟೀಪಾಯಿ, ದಿವಾನ, ಒಣಗಾಕಿರೋ ಬಟ್ಟೆ ಸ್ಟ್ಯಾಂಡು, ಇದೆಲ್ಲ ಬಿಟ್ರೆ ಆರಡಿ ಎಲ್ಲಿಂದ ತರೋದು? ಜೊತೆಗೆ ಕೈ ಎತ್ತಿದ್ಮೇಲೆ ಸ್ಕ್ರೀನಲ್ಲಿ ಕೈ ಏಳೋಕೆ ಒಂದು ಗಳಿಗೆ ತಡ, ಆ ಚೂರು ತಡನೇ ಸಾಕು ಆಟದ ಮಜಾ ಹಾಳಾಗೋಕೆ. 2017ರಲ್ಲಿ ತಯಾರಿಕೆ ನಿಲ್ಸಿದ್ರು. ತಮಾಷೆ ಅಂದ್ರೆ ಮೊದಲ ಕಿನೆಕ್ಟ್‌ಗೆ ಟೆಕ್ನಾಲಜಿ ಕೊಟ್ಟಿದ್ದ ಪ್ರೈಮ್‌ಸೆನ್ಸ್ ಕಂಪನೀನ ಆಪಲ್ 2013ರಲ್ಲಿ ಕೊಂಡ್ಕೊಳ್ತು, ಅದೇ 2017ರಲ್ಲಿ ಐಫೋನ್ ಟೆನ್ ಬಂತು, ಅದೇ ಥರದ ಟೆಕ್ನಾಲಜೀಲಿ ಮುಖ ನೋಡಿ ಲಾಕ್ ತೆಗೆಯೋ ಫೋನು.

ನನ್ನ ಪ್ರಕಾರ ಮುಂದಿನ ದಾರಿ ನಮ್ಮಣ್ಣನ ಮಣಿಕಟ್ಟಿನದು, ಅಂದ್ರೆ ಗೈರೊ. ಹೆಬ್ಬೆರಳು ಗೇಮಿನೊಳಗಿನ ನೋಟಾನ ಸರಕ್ಕಂತ ಒಂದು ಕಡೆ ತಿರುಗಿಸುತ್ತೆ, ಉಳಿದ ಕೂದಲೆಳೆಯಷ್ಟು ಗುರಿ ಮಣಿಕಟ್ಟು ನೋಡ್ಕೊಳುತ್ತೆ. 2015ರಲ್ಲಿ ನಿಂಟೆಂಡೊದ ಸ್ಪ್ಲಾಟೂನ್ ಗೇಮ್ ಹೀಗೇ ಆಡಿಸ್ತು, ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್‌ನಲ್ಲಿ ಗೈರೊ ಇದೆ, ಪ್ಲೇಸ್ಟೇಷನ್ ಕಂಟ್ರೋಲರಲ್ಲಿ ಇದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಿಗೆ ಏನಾಗಿದೆಯೋ ಕಾಣೆ, 2020ರಲ್ಲಿ ಸೀರೀಸ್ ಎಕ್ಸ್ ಜೊತೆ ಬಂದ ಕಂಟ್ರೋಲರಲ್ಲೂ ಗೈರೊ ಇಲ್ಲ. ಎಲ್ಲಾ ಕನ್ಸೋಲಿಗೂ ಒಂದೇ ಗೇಮ್ ಮಾಡೋರು, ಅಲ್ಲಿ ಇಲ್ವಲ್ಲ ಅಂತ ಉಳಿದ ಕಡೆನೂ ಕೈ ಬಿಡ್ತಾರೆ ಅನ್ನೋದು ನನ್ನ ಅನುಮಾನ. ಹೆಬ್ಬೆರಳಲ್ಲಿ ಗುರಿ ಹಿಡಿಯೋಕಾಗಲ್ಲ ಅಂತ ಗೇಮೇ ಎಳೆದು ಗುರಿಗೆ ಕೂರಿಸೋ ಏಮ್ ಅಸಿಸ್ಟ್ ಬಗ್ಗೆ ವರ್ಷಗಟ್ಟಲೆ ಕಿತ್ತಾಡ್ತಾರೆ, ಚಿಲ್ಲರೆ ಕಾಸಿನ ಸೆನ್ಸರ್ ಮಾತ್ರ ಹಾಕಲ್ಲ.

ತಲೆಗೆ ಹೆಡ್‌ಸೆಟ್ ಹಾಕಿ ಆಡೋ ವಿಆರ್ ಇಲ್ವಾ ಅಂತೀರ. ಇದೆ, ಅದರಲ್ಲಿ ಬೀಟ್ ಸೇಬರ್ ಅನ್ನೋ ಗೇಮ್ ನಿಜವಾಗ್ಲೂ ಚೆನ್ನಾಗಿದೆ, ಸ್ನೇಹಿತರ ಮನೇಲಿ ಇಪ್ಪತ್ತು ನಿಮಿಷ ಆಡಿ ಬೆವರು ಸುರಿಸ್ಕೊಂಡು ಕೂತೆ. ಆಫೀಸಿಂದ ಸುಸ್ತಾಗಿ ಬಂದೋನು ರಾತ್ರಿ ಹತ್ತಕ್ಕೆ ಅದನ್ನ ತಲೆಗೆ ಕಟ್ಕೊಳ್ಳಲ್ಲ ಮಾರಾಯ್ರೇ.

ಮೊನ್ನೆ ಅಳಿಯ ಹೇಳ್ಕೊಟ್ಟ ಅಂತ ನಾನೂ ಗೈರೊ ಆನ್ ಮಾಡಿ ಫೋನನ್ನ ಹಿಂದೆ ಮುಂದೆ ಆಡಿಸ್ದೆ, ಎದ್ದು ನಿಂತು ಆಡಿಸ್ದೆ, ಸ್ಕ್ರೀನ್ ಕದಲಲಿಲ್ಲ. ಅವ್ನು ಇಸ್ಕೊಂಡು ಮಾಡೆಲ್ ಹೆಸರು ಹಾಕಿ ಹುಡುಕಿ ನೋಡಿದ್ರೆ ನನ್ನ ಫೋನಲ್ಲಿ ಗೈರೊಸ್ಕೋಪೇ ಇಲ್ಲ, ಬರೀ ಅಲುಗಾಟ ಅಳೆಯೋ ಆಕ್ಸೆಲೆರೋಮೀಟರ್. ಹೊಸ ಫೋನ್ ತಗೊಳ್ಳೋರು ಸ್ಪೆಕ್ಸಲ್ಲಿ ಆ ಒಂದು ಸಾಲು ನೋಡ್ಕೊಳ್ಳಿ. ನಾನು ಕ್ಯಾಮೆರಾ ನೋಡಿ ತಗೊಂಡೆ, ಅಳಿಯ ಇನ್ನೂ ನಗ್ತಿದಾನೆ.