ಹಳೇ ಗಾಡಿ ಅಲ್ವಾ, ಹಾಗೇ ಇರುತ್ತೆ ಅನ್ನುವವರಿಗೆ

ಕಾರಿಗೆ ವಯಸ್ಸಾದ ಮೇಲೆ ಏನೇ ಕೆಟ್ಟರೂ ಅದನ್ನು ವಯಸ್ಸಿನ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಮೆಕ್ಯಾನಿಕ್ ಕೂಡ "ಹಳೇ ಗಾಡಿ ಅಲ್ವಾ ಸಾರ್" ಅಂತ ಮಾತು ಮುಗಿಸುತ್ತಾನೆ. ಬ್ರೇಕ್ ಪ್ಯಾಡ್ ಸವೆದರೆ, ಬೆಲ್ಟ್ ಬಿರುಕು ಬಿಟ್ಟರೆ ಸರಿ, ಅದು ನಮ್ಮ ಖರ್ಚು. ಆದರೆ ಫ್ಯಾಕ್ಟರಿಯಲ್ಲೇ ತಪ್ಪಾಗಿ ತಯಾರಾದ ಭಾಗ ಹತ್ತು ವರ್ಷದ ಮೇಲೆ ಕೈಕೊಟ್ಟರೆ? ಅದು ಸವೆತ ಅಲ್ಲ, ಕಂಪನಿಯ ತಪ್ಪು. ಎರಡನ್ನೂ ಬೆರೆಸಿ ನೋಡಿದರೆ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್ ನೆನಪಿದೆಯಾ? ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರ್ ಒಳಗೆ ಉರಿದು ಗ್ಯಾಸ್ ಬಿಡುವ ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ತುಂಬಿದ್ದರು. ತೇವ ಹೀರಿಕೊಳ್ಳಲು ಅದರ ಜೊತೆ ಏನನ್ನೂ ಹಾಕಿರಲಿಲ್ಲ. ವರ್ಷಗಟ್ಟಲೆ ಸೆಕೆ, ತೇವ ತಾಗಿ ತಾಗಿ ಅದು ಕೆಡುತ್ತದೆ. ಆಮೇಲೆ ಡಿಕ್ಕಿಯಾದಾಗ ಬೇಕಾದ್ದಕ್ಕಿಂತ ರಭಸವಾಗಿ ಉರಿದು, ಲೋಹದ ಡಬ್ಬಿಯೇ ಒಡೆದು, ಚೂರುಗಳು ಮುಖಕ್ಕೂ ಕತ್ತಿಗೂ ನಾಟುತ್ತವೆ. ಬದುಕಿ ಉಳಿಯಬೇಕಾಗಿದ್ದ ಸಣ್ಣ ಡಿಕ್ಕಿಯಲ್ಲೂ ಜನ ಸತ್ತಿದ್ದಾರೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ರೀಕಾಲ್ ಆಯಿತು, ಅಂದರೆ ದೋಷವಿದೆ ಅಂತ ಸರಿಪಡಿಸಲು ಕಂಪನಿ ವಾಪಸ್ ಕರೆಯಿತು. 2017ರಲ್ಲಿ ಕಂಪನಿ ದಿವಾಳಿ ಎದ್ದಿತು. 2001ರಿಂದ 2003ರ ನಡುವಿನ ಕೆಲವು ಹೋಂಡಾ ಕಾರುಗಳಲ್ಲಂತೂ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಇನ್‌ಫ್ಲೇಟರ್ ಸಿಡಿಯುವ ಸಂಭವ 50% ತನಕ ಇದೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2016ರಲ್ಲಿ ಎಚ್ಚರಿಸಿತ್ತು.

ಇಂಥ ದೋಷ ಕಾರು ಹೊಸದಿದ್ದಾಗ ಸುಮ್ಮನಿರುತ್ತದೆ. ಕಾರು ಹಳತಾದಷ್ಟೂ ಬಲಿಯುತ್ತದೆ. ಆದರೆ ರೀಕಾಲ್ ಪತ್ರ ಹೋಗುವುದು ಕಂಪನಿಯ ಹತ್ತಿರ ಇರುವ ವಿಳಾಸಕ್ಕೆ. ಗಾಡಿ ಮೂರನೇ ಕೈಗೆ ಬಂದಿದ್ದರೆ ಆ ಪತ್ರ ಇನ್ಯಾರದೋ ಮನೆಯ ರದ್ದಿಗೆ ಸೇರಿರುತ್ತದೆ. ಸಾಲದ್ದಕ್ಕೆ ಅಮೆರಿಕದ ಕಾನೂನಿನಲ್ಲಿ, ರೀಕಾಲ್ ಹೊತ್ತಿಗೆ ಕಾರಿಗೆ 15 ವರ್ಷ ದಾಟಿದ್ದರೆ ಪುಕ್ಕಟೆ ರಿಪೇರಿ ಕಡ್ಡಾಯವೇ ಅಲ್ಲ. ವಯಸ್ಸಾದ ಮೇಲೇ ಅಪಾಯವಾಗುವ ವಸ್ತುವಿಗೆ ವಯಸ್ಸಿನ ಮಿತಿ! ನನಗೆ ಇದು ಒಪ್ಪಿಗೆಯಿಲ್ಲ.

ಅದಕ್ಕೇ ಹೇಳುತ್ತೇನೆ, ಪತ್ರಕ್ಕೆ ಕಾಯಬೇಡಿ. ರೀಕಾಲ್ ಅಂಟಿಕೊಳ್ಳುವುದು ಕಾರಿಗೆ, ಕೊಂಡವರಿಗಲ್ಲ. ಚಾಸಿ ನಂಬರ್ ಇಟ್ಟುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ, ಅಲ್ಲಿ ಸಿಗದಿದ್ದರೆ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಆಗಾಗ ನೋಡುತ್ತಿರಿ, ಯಾಕೆಂದರೆ ಹೊಸ ರೀಕಾಲ್ ಯಾವಾಗ ಬೇಕಾದರೂ ಬರಬಹುದು. "ರೀಕಾಲ್ ಕೆಲಸ ಎಲ್ಲ ಆಗಿದೆ" ಅನ್ನುವ ಮಾತನ್ನಂತೂ ನಂಬಬೇಡಿ. ತಕಾಟಾ ವಿಷಯದಲ್ಲೇ ಹೊಸ ಬಗೆಯ ಇನ್‌ಫ್ಲೇಟರ್ ಸಾಕಾಗದೆ ಕೆಲವು ಕಾರುಗಳಿಗೆ ಅದೇ ಹಳೇ ಬಗೆಯದನ್ನೇ ಹೊಸದಾಗಿ ಕೂರಿಸಿದರು. ಅವನ್ನು ಮತ್ತೆ ಬದಲಿಸಬೇಕಾಯಿತು.

ಬಿಡಿಭಾಗದ ಕಥೆ ಇನ್ನೂ ಸೊಗಸು. ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ (ಕೀ ಹಾಕಿ ತಿರುಗಿಸುವ ಸ್ವಿಚ್) ತೊಂದರೆ ಎಂಥದ್ದು ಅಂದರೆ, ಓಡುವಾಗಲೇ ಕೀ ತಿರುಗಿಬಿಡುತ್ತಿತ್ತು. ಎಂಜಿನ್ ಆಫ್, ಪವರ್ ಸ್ಟಿಯರಿಂಗ್ ಇಲ್ಲ, ಡಿಕ್ಕಿಯಾದರೆ ಏರ್‌ಬ್ಯಾಗೂ ಇಲ್ಲ. 124 ಸಾವುಗಳಿಗೆ ಕಂಪನಿ ಪರಿಹಾರ ಕೊಟ್ಟಿತು. ಅದಕ್ಕೂ ಎಷ್ಟೋ ಮೊದಲೇ ಸ್ವಿಚ್ಚನ್ನು ಸದ್ದಿಲ್ಲದೆ ಬದಲಿಸಿದ್ದರು, ಪಾರ್ಟ್ ನಂಬರ್ ಮಾತ್ರ ಬದಲಿಸಲಿಲ್ಲ. ಹೀಗಾಗಿ ಹಳೇದು ಯಾವುದು, ಹೊಸದು ಯಾವುದು ಗೊತ್ತಾಗದೆ ಆಮೇಲಿನ ಕಾರುಗಳಿಗೂ ರಿಪೇರಿಯಲ್ಲಿ ಕೆಟ್ಟ ಸ್ವಿಚ್ ಸೇರಿರಬಹುದು ಎಂದು 2014ರಲ್ಲಿ ಅವನ್ನೂ ವಾಪಸ್ ಕರೆಯಬೇಕಾಯಿತು. ಗುಜರಿಯಿಂದ ಏರ್‌ಬ್ಯಾಗ್ ತಂದು ಹಾಕಿಸಿದ ಕಾರಾದರೆ ಚಾಸಿ ನಂಬರ್ ಕೂಡ ನಿಜ ಹೇಳುವುದಿಲ್ಲ, ಅದಕ್ಕೆ ಗೊತ್ತಿರುವುದು ಕಂಪನಿ ಕೂರಿಸಿದ್ದ ಭಾಗ ಮಾತ್ರ.

ಬದಲಿ ಭಾಗ ಬರುವ ತನಕ ಏನು ಮಾಡುವುದು? ಕಂಪನಿಯ ಸೂಚನೆ ಸಪ್ಪೆ ಅನಿಸಿದರೂ ಪಾಲಿಸಿ. ಆ ಸ್ವಿಚ್ ವಿಷಯದಲ್ಲಿ ಕೀಯನ್ನು ಒಂಟಿಯಾಗಿ ಬಳಸಿ, ಗೊಂಚಲು ಬೇಡ ಅಂದಿದ್ದರು. 2023ರಲ್ಲಿ ಹ್ಯುಂಡೈ, ಕಿಯಾ ಅಮೆರಿಕದಲ್ಲಿ ಸುಮಾರು 34 ಲಕ್ಷ ಹಳೆಯ ಗಾಡಿಗಳನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಅಂದವು. ಬ್ರೇಕ್ ಆಯಿಲ್ ಸೋರಿ, ಶಾರ್ಟ್ ಆಗಿ, ನಿಂತ ಕಾರಿಗೂ ಬೆಂಕಿ ಹತ್ತಬಹುದಿತ್ತು. "ಓಡಿಸಲೇಬೇಡಿ" ಅಂದರೆ ಓಡಿಸಬೇಡಿ, ಅಷ್ಟೇ.

ಇಷ್ಟೆಲ್ಲ ಹುಡುಕಾಟ ಓನರ್ ತಲೆಗೇ ಕಟ್ಟಬೇಕಾ ಅನ್ನುವುದು ನನ್ನ ತಕರಾರು. ಜರ್ಮನಿಯಲ್ಲಿ ಈಗಿನ ಓನರ್ ವಿಳಾಸ ಸರ್ಕಾರಿ ದಾಖಲೆಯಿಂದ ಸಿಗುತ್ತದೆ. ಗಂಭೀರ ರೀಕಾಲ್ ಕಡೆಗಣಿಸಿದರೆ ಗಾಡಿ ರಸ್ತೆಗಿಳಿಯದಂತೆ ತಡೆಯಲೂಬಹುದು. ಉಳಿದ ದೇಶಗಳಿಗೆ ಅದು ಜಾಸ್ತಿ ಅನಿಸಿದರೆ, ವಿಮೆ ನವೀಕರಿಸುವಾಗ, ಹೆಸರು ವರ್ಗಾಯಿಸುವಾಗ ಬಾಕಿ ರೀಕಾಲ್ ಇದೆಯಾ ಅಂತ ಒಂದು ಸಾಲು ತೋರಿಸಲಿ. ಚಾಸಿ ನಂಬರನ್ನು ಎರಡೂ ಕಡೆ ಹೇಗೂ ಬರೆಸಿಕೊಳ್ಳುತ್ತಾರಲ್ಲ.